ಕುತ್ತಿಗೆಗೊಂದು, ಟೊಂಕಕ್ಕೊಂದು

ನಿಂಗವ್ವನ ಕುತ್ತಿಗೆಗೆ ಮಸಾಜ್ ಮಷೀನು ತರಬೇಕೆಂಬ ಮಾತು ಮನೆಯಲ್ಲಿ ಎದ್ದದ್ದು ಯುಗಾದಿ ಮುಗಿದ ಮರುವಾರ. ಅವತ್ತು ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತವಳು ಎರಡನೇ ರೊಟ್ಟಿಗೇ ಕೈಬಿಟ್ಟು, ಹಿಟ್ಟಿನ ಕೈಯನ್ನೇ ಕುತ್ತಿಗೆಯ ಹಿಂದೆ ಒತ್ತಿಕೊಂಡಿದ್ದಳು. ಡಬ್ಬಿ ಕಟ್ಟುತ್ತಿದ್ದ ಸೊಸೆ ಸಪ್ನಾ ಬಂದು ನೋಡಿದರೆ, ಅತ್ತೆಯ ಕುಪ್ಪಸದ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿದ್ದವು.

"ಏಳ್ರಿ ಅತ್ತಿ, ನಾ ಬಡೀತೇನಿ."

"ನೀ ಬಡದ ರೊಟ್ಟಿ ನಿಮ್ಮ ಮಾವ ಉಣ್ಣಾಂಗಿಲ್ಲ."

"ಹಂಗಾರ ಒಂದಿನ ಉಪಾಸ ಇರ್ಲಿ. ನೀವು ಮೊದಲ ದವಾಖಾನಿಗೆ ನಡೀರಿ."

ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಎಲುಬು ಸ್ವಲ್ಪ ಸವದಾವ, ಅಂಜೂವಂಥಾದ್ದೇನಿಲ್ಲ. ಬಗ್ಗಿ ಮಾಡೂ ಕೆಲಸ ಬಿಡ್ರಿ. ಮನ್ಯಾಗ ಯಾರರ ಹಗೂರಕ ತಿಕ್ಕಿದ್ರ ಚಲೋ. ಇಲ್ಲಾಂದ್ರ ಒಂದು ಮಸಾಜರ್ ತಗೊಳ್ರಿ," ಎಂದರು. ಯಾರಾದರೂ ತಿಕ್ಕಿದರೆ ಎಂಬ ಮಾತು ದವಾಖಾನೆಯ ಮೆಟ್ಟಿಲ ಮೇಲೆಯೇ ಉಳಿಯಿತು. ಮಸಾಜರ್ ಎಂಬ ಮಾತು ಮಾತ್ರ ಅವರ ಜೊತೆ ಆಟೋ ಹತ್ತಿ ವಡಗಾವಿಯ ಮನೆಗೆ ಬಂತು.

ಆ ಮನೆ ಉದ್ದಕ್ಕೆ ಇತ್ತು. ಮುಂದಿನ ಖೋಲಿಯಲ್ಲಿ ಎರಡು ಪಾವರ್‌ಲೂಮ್, ಆಮೇಲೆ ನಡುಮನೆ, ಕೊನೆಗೆ ಅಡಿಗೆಮನೆ. ನಿಂಗವ್ವನ ಗಂಡ ಬಾಳಪ್ಪ ದಿನವಿಡೀ ಮಗ್ಗದ ಮುಂದೆ. ಮಗ ಗೌರೀಶ ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ಕೆಲಸಕ್ಕೆ ಹೋಗುವವನು. ಮೊಮ್ಮಗಳು ಸಾನಿಕಾ ಮೂರನೇ ಇಯತ್ತೆ, ಮನೆಯ ಎಲ್ಲರಿಗಿಂತ ಚೆನ್ನಾಗಿ ಫೋನು ಬಲ್ಲವಳು. ಸಂಜೆ ಊಟಕ್ಕೆ ಕುಳಿತಾಗ ಮಷೀನಿನ ಮಾತು ಝುಣಕದ ಜೊತೆಗೇ ತಾಟಿಗೆ ಬಿತ್ತು.

"ಗನ್ ಟೈಪ್ ಬರತೈತಿ," ಎಂದ ಗೌರೀಶ. "ನಮ್ಮ ಸುಪರ್‌ವೈಜರ್ ಕಡೆ ಐತಿ. ಹಿಡದ್ರ ಸಾಕು, ಡರ್‍ರ್ ಅಂತ ಒಳಗ ಇಳೀತೈತಿ."

"ಡರ್‍ರ್ ಅಂತ ಇಳ್ಯಾಕ ನಿಮ್ಮವ್ವನ ಕುತಿಗಿ ಏನು ಗ್ವಾಡಿ ಏನ?" ಎಂದ ಬಾಳಪ್ಪ.

"ದಿಂಬಿನಂಥಾದ್ದು ಚಲೋ," ಎಂದಳು ಸಪ್ನಾ. "ಕುತಿಗಿ ಹಿಂದ ಇಟ್ಟು ಕುಂತ್ರ ಆತು. ಬಿಸೀನೂ ಕೊಡತೈತಿ. ಕೈ ಎತ್ತೂ ಕೆಲಸಿಲ್ಲ."

ಸಾನಿಕಾ ಆಗಲೇ ಫೋನಿನಲ್ಲಿ ದಿಂಬು ಹುಡುಕಿ, ಕೊಂಡವರು ಬರೆದದ್ದನ್ನು ಓದತೊಡಗಿದ್ದಳು. "'ನಮ್ಮ ಅಜ್ಜಿಗೆ ಕೊಟ್ಟೆವು. ಅಜ್ಜಿ ಈಗ ಮದುವೆಯಲ್ಲಿ ಡ್ಯಾನ್ಸ್ ಮಾಡುತ್ತಾರೆ.' ಐದು ಸ್ಟಾರ್, ಆಯಿ!" ಎಂದಳು ಅಜ್ಜಿಗೆ.

"ಕೆಳಗ ಓದ," ಎಂದ ಬಾಳಪ್ಪ.

"'ಎರಡೇ ದಿನಕ್ಕೆ ಬಂದ್ ಬಿತ್ತು.' ಒಂದು ಸ್ಟಾರ್."

"ನೋಡ್ರಿ. ಖರೇ ಮಾತು ಕೆಳಗ ಬರದಿರತಾರ."

"ನನಗ ಏನೂ ಬ್ಯಾಡ," ಎಂದಳು ನಿಂಗವ್ವ. "ಸಾನಿಕಾ ಬೆನ್ನ ಮ್ಯಾಲ ಹತ್ತಿ ನಿಂತ್ರ ಸಾಕು."

"ಅಕಿ ಈಗ ಮೂವತ್ತು ಕಿಲೋ ಅದಾಳ ಅತ್ತಿ. ಅಕಿ ಹತ್ತಿದ್ರ ನೀವು ಏಳಾಂಗಿಲ್ಲ."

ಎಲ್ಲರೂ ನಕ್ಕರು. ನಿಂಗವ್ವನೂ ನಕ್ಕಳು. ನಗುವಾಗ ಕುತ್ತಿಗೆ ಚುಳುಕ್ಕೆಂದಿತು, ಕೈ ತಾನಾಗಿ ಹಿಂದೆ ಹೋಯಿತು.

ನಿಂಗವ್ವನಿಗೆ ಬೇಕಾಗಿದ್ದದ್ದು ಬಸವಣ್ಣೆವ್ವನ ಕೈ.

ಬಸವಣ್ಣೆವ್ವ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಇಪ್ಪತ್ತೆರಡು ವರ್ಷ ಇಬ್ಬರೂ ಇದೇ ಮನೆಯಲ್ಲಿ ಒಂದೇ ಒಲೆಯ ಮುಂದೆ ಬೆಂದವರು. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳ ಸುತ್ತು, ಬಂದಾಗ ಎಳೆ ಪೋಣಿಸುವ ಕೆಲಸ ಇವರಿಬ್ಬರದು. ಬಸವಣ್ಣೆವ್ವ ಮಗ್ಗದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಎಳೆ ಬಿಡಿಸಿ ಕೊಡುವಳು. ನಿಂಗವ್ವ ಮುಂದೆ ಕುಳಿತು, ಕುತ್ತಿಗೆ ಬಗ್ಗಿಸಿ, ತಂತಿಯ ಕಣ್ಣಿನೊಳಗೆ ಕೊಕ್ಕೆ ಹಾಕಿ ಅದನ್ನು ಜಗ್ಗಿಕೊಳ್ಳುವಳು. ಎರಡು ಸಾವಿರದ ಮೇಲೆ ಎಳೆ, ಅಷ್ಟೇ ಕಣ್ಣು. ಸಂಜೆಯ ಹೊತ್ತಿಗೆ ಒಬ್ಬಳ ಟೊಂಕ ಹೋಗಿರುತ್ತಿತ್ತು, ಇನ್ನೊಬ್ಬಳ ಕುತ್ತಿಗೆ. ಆಗ ಇಬ್ಬರೂ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುವರು. ನಿಂಗವ್ವ ಅವಳ ಟೊಂಕ ತುಳಿಯುವಳು, ಅವಳು ನಿಂಗವ್ವನ ಕುತ್ತಿಗೆ ಹಿಡಿಯುವಳು. ಬಸವಣ್ಣೆವ್ವನ ಹೆಬ್ಬೆರಳು ಬರೀ ಒತ್ತುತ್ತಿರಲಿಲ್ಲ, ಕೇಳುತ್ತಿತ್ತು. "ಇಲ್ಲೇನ ಅಕ್ಕಾ? ಇಲ್ಲೆ? ಇನ್ನಾ ಕೆಳಗ?" ಕೇಳಿ ಕೇಳಿ, ನೋವು ಕುಳಿತ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು.

ಏಳು ವರ್ಷದ ಹಿಂದೆ ಒಂದು ಹಾಸು ಕೆಟ್ಟಿತು. ಆರು ಸೀರೆ ನೇಯ್ದು ಕಳಿಸಿದ ಮೇಲೆ ಅಂಚಿನ ಗೋಪುರದ ಚಿತ್ತಾರ ಒಂದೆಳೆ ಸೊಟ್ಟಗಿದೆಯೆಂದು ಆರೂ ತಿರುಗಿ ಬಂದವು. ನೂಲು ಕೊಟ್ಟು ಸೀರೆ ಒಯ್ಯುವ ಕೃಷ್ಣಾಜಿ ಮಗ್ಗದ ಮುಂದೆಯೇ ನಿಂತು, "ಪೋಣಿಸಿದ್ದು ಯಾರ ಕೈ?" ಎಂದು ಕೇಳಿದ. ಓಣಿಯಲ್ಲಿ ಒಂದು ರೂಢಿಯಿತ್ತು: ಕೈತಪ್ಪಿದವರನ್ನು ಮತ್ತೆ ಹಾಸು ಪೋಣಿಸಲು ಕೂರಿಸುತ್ತಿರಲಿಲ್ಲ. ನಿಂಗವ್ವ ಸೆರಗು ಸರಿಮಾಡಿಕೊಂಡು, "ಎಳಿ ಕೊಟ್ಟಾಕಿ ಅಕಿ. ನಾ ಬರೇ ಜಗ್ಗಾಕಿ," ಎಂದುಬಿಟ್ಟಳು.

ಆದರೆ ಕಣ್ಣು ತಪ್ಪಿದ್ದು ನಿಂಗವ್ವನ ಕೊಕ್ಕೆಗೆ. ಎಲ್ಲೋ ನಡುವೆ ಒಂದು ಕಣ್ಣು ಖಾಲಿ ಬಿಟ್ಟು ಮುಂದೆ ಹೋಗಿದ್ದಳು, ಅಲ್ಲಿಂದ ಆಚೆಯ ಎಳೆಗಳೆಲ್ಲ ಒಂದೊಂದು ಕಣ್ಣು ಸರಿದಿದ್ದವು. ಕೊನೆಗೆ ಕಣ್ಣು ಮುಗಿದು ಒಂದು ಎಳೆ ಉಳಿದಾಗ ಅವಳಿಗೆ ತಿಳಿಯಿತು. ಎಲ್ಲ ಬಿಚ್ಚಿ ಮತ್ತೆ ಪೋಣಿಸಲು ಕುತ್ತಿಗೆ ಒಪ್ಪಲಿಲ್ಲ. "ಹೆಚ್ಚಿಗಿ ಬಂದೈತಿ," ಎಂದು ಹರಿದು ಒಗೆದಳು.

ಕೃಷ್ಣಾಜಿಯ ಮುಂದೆ ಬಸವಣ್ಣೆವ್ವ ಅವಳ ಮುಖವನ್ನು ಒಂದು ಸಲ ನೋಡಿದಳು, ತುಟಿ ಬಿಚ್ಚಲಿಲ್ಲ. ಆ ವಾರವೇ ಒಲೆ ಎರಡಾದವು. ಅಣ್ಣತಮ್ಮಂದಿರು ಆಡಬಾರದ ಮಾತು ಆಡಿಕೊಂಡರು. ಮುಂದಿನ ತಿಂಗಳು ಮೈದುನ ಹೆಂಡತಿಯನ್ನು ಕರೆದುಕೊಂಡು, ಮಗ ಅಮರ ಪೇಂಟು ಪೈಪುಗಳ ಅಂಗಡಿ ಹಾಕಿದ್ದ ಖಾನಾಪುರಕ್ಕೆ ಹೋದ. ನಾಲ್ಕು ವರ್ಷಕ್ಕೆ ಅಲ್ಲಿಯೇ ತೀರಿಕೊಂಡ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಎಷ್ಟೋ ದಿನವಾಗಿತ್ತು. ನಿಂಗವ್ವ ಆಧಾರ್ ಕಾರ್ಡು ತೋರಿಸಿ ಸವದತ್ತಿಗೆ, ಗೋಕಾಕಕ್ಕೆ, ಉಳವಿಗೆ ಹೋಗಿ ಬಂದಿದ್ದಳು. ಮುಕ್ಕಾಲು ತಾಸಿನ ಖಾನಾಪುರಕ್ಕೆ ಮಾತ್ರ, ಮೈದುನನ ಮಣ್ಣಿನ ದಿನ ಬಿಟ್ಟರೆ, ಹೋಗಿರಲಿಲ್ಲ.

ಗೌರೀಶ ಗನ್ನು ಎರವಲು ತಂದ. ಅದರ ಸದ್ದಿಗೆ ಓಣಿಯ ನಾಯಿ ಬೊಗಳಿತು. ಕುತ್ತಿಗೆಗೆ ತಾಗಿಸಿದ ಕೂಡಲೇ ನಿಂಗವ್ವನ ಹಲ್ಲು ಕಟಕಟ ಎಂದವು.

"ತಗಿಯಪಾ, ತಗಿ! ಇದ್ದ ನಾಕ ಹಲ್ಲೂ ಉದರತಾವ!"

ಮುಂದಿನ ವಾರ ಸಪ್ನಾ ಅತ್ತೆಯನ್ನು ಶಹಾಪುರದ ಕಲ್ಲಯ್ಯನ ಅಂಗಡಿಗೆ ಕರೆದೊಯ್ದಳು. ಹಣೆ ತುಂಬ ವಿಭೂತಿಯ ಕಲ್ಲಯ್ಯ ಬೆಲ್ಟು, ಊರುಗೋಲು, ಬೀಪಿ ಮಷೀನುಗಳ ನಡುವೆ ಕುಳಿತಿದ್ದ.

"ಬರ್ರಿ ತಾಯಿ, ಕುಂದರ್ರಿ. ಕುತಿಗಿಗೋ, ಟೊಂಕಕ್ಕೋ?"

"ಕುತಿಗೀಗ್ರಿ ಅಯ್ಯಾರ," ಎಂದಳು ಸಪ್ನಾ.

"ಹಂಗಾರ ಗನ್ನು ಬ್ಯಾಡ, ಅದು ಹುಡುಗೂರಿಗೆ. ಉದ್ದ ಹಿಡಿಕೀದು ಬ್ಯಾಡ, ಕೈ ಎತ್ತಿ ಹಿಡಿಯೂದ್ರಾಗ ಭುಜ ಹೊಕ್ಕೈತಿ. ಇದು ನೋಡ್ರಿ, ದಿಂಬು. ಒಳಗ ನಾಕು ಗುಂಡು ತಿರಗತಾವ. ನಟ್ಟನಡುವಿನ ಎಲುಬಿನ ಮ್ಯಾಲ ಒತ್ತಬ್ಯಾಡ್ರಿ, ಬಾಜೂಕ ಕುಂದ್ರಂಗ ಇಡ್ರಿ. ಹದಿನೈದು ಮಿನಿಟಿಗೆ ತಾನಽ ಬಂದ್ ಆಗತೈತಿ."

ನಿಂಗವ್ವ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಗುಂಡುಗಳು ಒಂದು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ ತಿರುಗಿದವು. ಬಿಸಿ ಮೆಲ್ಲಗೆ ಒಳಗಿಳಿಯಿತು. ಅಂಗಡಿಯ ಗದ್ದಲ ದೂರ ಸರಿದ ಹಾಗಾಯಿತು.

"ಇನ್ನಾ ಸ್ವಲ್ಪ ಕೆಳಗ," ಎಂದಳು ಅವಳು.

ಕಲ್ಲಯ್ಯ ನಕ್ಕ. "ಕೆಳಗ ಹ್ವಾಗಾಂಗಿಲ್ರಿ ತಾಯಿ. ಅದರದು ಅಷ್ಟಽ ಜಾಗಾ. ನೀವಽ ಸರೀಬೇಕು."

ನಿಂಗವ್ವ ಕಣ್ಣು ಬಿಟ್ಟಳು. ದಿಂಬನ್ನು ತೆಗೆದು, ಕೈಯಲ್ಲಿ ತೂಗಿ ನೋಡಿ, ಕೌಂಟರಿನ ಮೇಲಿಟ್ಟು ಸೆರಗು ಹೊದ್ದುಕೊಂಡಳು. "ವಜ್ಜೆ ಐತಿ. ಬ್ಯಾಡ."

ದಾರಿಯಲ್ಲಿ ಸಪ್ನಾ ತಡೆದುಕೊಳ್ಳಲಿಲ್ಲ. "ಒಂದು ಸಪ್ಪಳಾ ಮಾಡತೈತಿ ಅಂತೀರಿ, ಒಂದು ವಜ್ಜೆ ಅಂತೀರಿ. ಅತ್ತಿ, ನಿಮಗ ಬ್ಯಾನಿ ಹೋಗೂದು ಬೇಕೋ ಬ್ಯಾಡೋ?"

ನಿಂಗವ್ವ ಕಾಯಿಪಲ್ಯೆಯವನ ಮುಂದೆ ನಿಂತು ಬದನೆಕಾಯಿ ಆರಿಸತೊಡಗಿದಳು.

ಪಗಾರದ ದಿನ ಗೌರೀಶ ಯಾರನ್ನೂ ಕೇಳದೆ ಆ ದಿಂಬನ್ನೇ ತಂದಿಟ್ಟ. ನಿಂಗವ್ವ ಒಂದಿಷ್ಟು ಗೊಣಗಿ ಹಚ್ಚಿಕೊಂಡಳು. ಸುಳ್ಳು ಹೇಳಬಾರದು, ನೋವು ಕಡಿಮೆಯಾಯಿತು. ಎರಡು ವಾರದಲ್ಲಿ ರೊಟ್ಟಿ ಬಡಿಯುವಷ್ಟಾದಳು. ಅದು ಮನೆಗೆ ಎಷ್ಟು ಒಗ್ಗಿತೆಂದರೆ ಒಂದು ಮಧ್ಯಾಹ್ನ ಸಾನಿಕಾ ಓಡಿ ಬಂದು, "ಆಯಿ, ನಿನ್ನ ದಿಂಬು ಅಜ್ಜ ಹಾಕ್ಕೊಂಡು ಕುಂತಾನ!" ಎಂದು ಕೂಗಿದಳು. ಬಾಳಪ್ಪ ಮಗ್ಗದ ಬಾಜು ಕಣ್ಣು ಮುಚ್ಚಿ ಒರಗಿದ್ದ.

"ಬಂದ್ ಬಿದ್ದೈತೇನಂತ ಚೆಕ್ ಮಾಡಾಕತ್ತೇನಿ," ಎಂದ, ಕಣ್ಣು ತೆರೆಯದೆ.

ಮನೆಯವರು ಮಷೀನು ಗೆದ್ದಿತೆಂದುಕೊಂಡರು. ನಿಂಗವ್ವನಿಗೆ ಮಾತ್ರ ಹೊಸ ಕಷ್ಟ ಹುಟ್ಟಿತ್ತು. ನೋವಿದ್ದಾಗ ಅದರ ನೆವದಿಂದ ಆ ಕೈಯನ್ನು ನೆನೆಯುತ್ತಿದ್ದಳು. ಈಗ ನೋವು ಸರಿದು, ಆ ಕೈಯ ಆಸೆಯೊಂದೇ ಅಲ್ಲಿ ಉಳಿದಿತ್ತು.

ಅಷ್ಟರಲ್ಲಿ ಸಪ್ನಾ ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆ ತವರಿಗೆ ಹೋಗಿ ಬಂದಳು. ಅವಳ ತವರು ಖಾನಾಪುರ. ಬಂದ ದಿನ ಬೇಳೆ ಹಸನು ಮಾಡುತ್ತಿದ್ದ ಅತ್ತೆಯ ಎದುರು ಕುಳಿತು, ಏನೋ ನೆನಪಾದವಳಂತೆ ಬಸವಣ್ಣೆವ್ವನ ಸುದ್ದಿ ತೆಗೆದಳು:

"ಪೇಟ್ಯಾಗ ಸಣ್ಣತ್ತಿ ಕಂಡ್ರು. ಕೋಲು ಹಿಡದಾರ. ಟೊಂಕ ನೆಟ್ಟಗ ಆಗಾಂಗಿಲ್ಲ. ನಾನಽ ಹೋಗಿ ಮಾತಾಡಿಸಿದೆ."

ನಿಂಗವ್ವನ ಬೆರಳು ಬೇಳೆಯಲ್ಲಿ ಒಂದೇ ಕಡೆ ಆಡುತ್ತಿತ್ತು. "ಏನಂದ್ಳು?"

"ಸಾನಿಕಾ ಎಷ್ಟನೇ ಇಯತ್ತೆ ಅಂತ ಕೇಳಿದ್ರು. ಮಾವಾರ ಬಗ್ಗೆ ಕೇಳಿದ್ರು."

"ಮತ್ತ?"

"ಮತ್ತೇನೂ ಕೇಳಲಿಲ್ಲ."

ಎರಡು ದಿನ ಕಳೆದ ಮೇಲೆ, ಸೀರೆಯ ಸೆರಗಿಗೆ ಗೊಂಡೆ ಕಟ್ಟುತ್ತ ಕುಳಿತ ಸಪ್ನಾಳ ಹತ್ತಿರ ಬಂದು ನಿಂಗವ್ವ ಕೇಳಿದಳು: "ಟೊಂಕದ್ದು ಬ್ಯಾರೆ ಮಷೀನು ಇರತೈತೇನ?"

"ನಿಮ್ಮ ಟೊಂಕಕ್ಕ ಏನಾತ್ರಿ?"

"ನನಗಲ್ಲ."

ಸಪ್ನಾಳ ಕೈ ನಿಂತಿತು. ಅತ್ತೆಯ ಮುಖ ನೋಡಿದಳು. ಗೊಂಡೆಯ ಗಂಟು ಬಿಗಿದು ಎದ್ದು, "ಗೃಹಲಕ್ಷ್ಮಿ ರೊಕ್ಕಾ ಬಂದೈತಿ. ನಡೀರಿ," ಎಂದಳು.

ತನ್ನ ಕುತ್ತಿಗೆಗೆ ಏನನ್ನೂ ಕೇಳದಿದ್ದ ನಿಂಗವ್ವ ಈ ಸಲ ಕಲ್ಲಯ್ಯನಿಗೆ ಬೆವರು ಬರಿಸಿದಳು.

"ಒಬ್ಬಾಕೀನಽ ಕಟಗೋಬಹುದೇನ್ರಿ? ಸೊಸಿ ಅಂಗಡ್ಯಾಗ ಇರತಾಳ, ಕಟ್ಟಾವರು ಯಾರೂ ಇರಾಂಗಿಲ್ಲ."

"ಮುಂದ ಅಂಟಸೂ ಪಟ್ಟಿ ಐತಿ ತಾಯಿ."

"ಕರಂಟ ಹ್ವಾದ್ರ?"

"ಚಾರ್ಜಿಂಗಿಂದು. ಎರಡ ತಾಸು ನಡೀತೈತಿ."

"ಬಿಸಿ ಹೆಚ್ಚಾಗಿ ಸುಡತೈತೇನ? ಅಕೀದು ತೆಳ್ಳನ್ನ ತೊಗಲು. ಬ್ಯಾಸಗ್ಯಾಗ ಗುಳ್ಳಿ ಏಳತಾವ."

"ಮೂರು ನಮೂನಿ ಬಿಸಿ ಐತಿ. ಸಣ್ಣದರಾಗ ಇಡ್ರಿ. ಮೊದಲ ಡಾಕ್ಟರಿಗೆ ಒಂದ ಮಾತು ಕೇಳಸ್ರಿ."

"ಬಟನ್ ದೊಡ್ಡೂ ಅದಾವೇನ? ಕಣ್ಣು ಮಂದ ಆಗಿರತಾವ ಈಗ."

ಕಲ್ಲಯ್ಯ ಆರು ಪೆಟ್ಟಿಗೆ ಬಿಚ್ಚಿದ. ಆರನೆಯದು ನಿಂಗವ್ವನಿಗೆ ಒಪ್ಪಿಗೆಯಾಯಿತು. ಅದನ್ನು ತನ್ನ ಟೊಂಕಕ್ಕೆ ಕಟ್ಟಿಕೊಂಡು, ಅಂಗಡಿಯಲ್ಲೇ ಒಂದು ಸಲ ಕುಕ್ಕರಗಾಲಿನಲ್ಲಿ ಕುಳಿತು ಎದ್ದು ನೋಡಿದಳು. ಸಪ್ನಾ ಬೇರೆ ಕಡೆ ಮುಖ ತಿರುಗಿಸಿದಳು.

ಮನೆಯಲ್ಲಿ ಪೆಟ್ಟಿಗೆ ಯಾರಿಗೆಂದು ತಿಳಿದ ಕೂಡಲೇ ಗೌರೀಶ ತಾಟು ಸರಿಸಿದ.

"ಏಳು ವರ್ಷ ಮಾತಿಲ್ಲದವರಿಗೆ ಮಷೀನು? ಆ ಚಿಗವ್ವನ ಕೈಲೆ ನಮ್ಮ ಹೆಸರು ಕೆಟ್ಟಿದ್ದು ಮರತಿ ಏನ ಯವ್ವಾ?"

"ಊಟ ಮಾಡ."

"ಊಟ ಮಾಡ ಅಂದ್ರ ಮುಗೀತ? ಎರಡ ವರ್ಷ ನಮಗ ಯಾರೂ ಚಲೋ ಹಾಸು ಕೊಡಲಿಲ್ಲ. ಅದಕ್ಕಽ ನಾ ಮಗ್ಗಾ ಬಿಟ್ಟು ಫೌಂಡ್ರಿ ಹೊಗಿ ಕುಡ್ಯಾಕ ಹ್ವಾದೆ."

ಬಾಳಪ್ಪ ಇನ್ನೂ ಅರ್ಧ ರೊಟ್ಟಿ ಉಳಿದಿರುವಾಗಲೇ ಕೈ ತೊಳೆದ. "ಆ ಮನಿ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ ಅಂತ ನೂರ ಸಲ ಹೇಳೇನಿ," ಎಂದವನು ಹೋಗಿ ಮಗ್ಗ ಹಚ್ಚಿದ. ಆ ಸದ್ದಿನಲ್ಲಿ ಮುಂದಿನ ಮಾತಿಗೆ ಜಾಗವಿರಲಿಲ್ಲ. ಅದಕ್ಕೂ ಮೊದಲು ನಿಜ ಹೇಳಬಹುದಿತ್ತು. ನಿಂಗವ್ವ ಎಲ್ಲರ ತಾಟು ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಅತ್ತೆ ಸೊಸೆ ಖಾನಾಪುರದ ಬಸ್ಸು ಹತ್ತಿದರು. ಪೆಟ್ಟಿಗೆ ನಿಂಗವ್ವನ ತೊಡೆಯ ಮೇಲಿತ್ತು. ಅಮರನ ಅಂಗಡಿಯ ಹಿಂದೆಯೇ ಮನೆ. ಅಮರ ಕೌಂಟರಿನಿಂದ ಎದ್ದು, "ದೊಡ್ಡವ್ವಾ?" ಎಂದವನು ಒಳಗೆ ಕೈ ತೋರಿಸಿದ.

ಬಸವಣ್ಣೆವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಂದವರನ್ನು ನೋಡಿ, ಕೋಲಿಗೆ ಕೈ ಹಾಕಿ, ಏಳಲಾಗದೆ ಬಿಟ್ಟಳು.

"ಬರ್ರಿ. ಕುಂದರ್ರಿ."

ಇಪ್ಪತ್ತೆರಡು ವರ್ಷ 'ಅಕ್ಕಾ, ಬಾ' ಎಂದ ಬಾಯಿ ಅದು. ನಿಂಗವ್ವ ಚಾಪೆಯ ಅಂಚಿನಲ್ಲಿ ಕುಳಿತಳು. ಚಹಾ ಬಂತು. ಬಿಸಿಲಿನ ಮಾತಾಯಿತು, ಸಾನಿಕಾಳ ಸಾಲಿಯ ಮಾತಾಯಿತು. ಸಪ್ನಾ ಪೆಟ್ಟಿಗೆ ಬಿಚ್ಚಿ, ಬೆಲ್ಟನ್ನು ಬಸವಣ್ಣೆವ್ವನ ಟೊಂಕಕ್ಕೆ ಸುತ್ತಿ ಬಟನ್ ಒತ್ತಿದಳು. ಅದು ಗುಂಯ್ ಎಂದಿತು. ಎಲ್ಲರೂ ಆ ಸದ್ದನ್ನೇ ಕೇಳುತ್ತ ಕುಳಿತರು.

"ಇಲ್ಲೇನ ಬಸವ್ವಾ?" ಎಂದಳು ನಿಂಗವ್ವ. "ಇನ್ನಾ ಕೆಳಗ ಸರಸೂಣೇನ?"

"ಇರ್ಲಿರಿ. ಚಲೋ ಐತಿ."

ನಿಂಗವ್ವ ನೆಲ ನೋಡುತ್ತ ಹೇಳಿದಳು:

"ತಪ್ಪು ನಂದಿತ್ತು. ನಡುವ ಒಂದು ಕಣ್ಣು ಬಿಟ್ಟಿದ್ದೆ. ಕಡೀಕ ಎಳಿ ಉಳಿದಾಗ ಗೊತ್ತಾತು. ನಾನಽ ಹರದ ಒಗದೆ."

"ಗೊತ್ತೈತಿ," ಎಂದಳು ಬಸವಣ್ಣೆವ್ವ. "ಆ ಎಳಿ ಕೊಟ್ಟಾಕಿ ನಾನಽ ಅಲ್ಲೇನ್ರಿ? ಅದನ್ನ ಎಲ್ಲಿ ಹಾಕತೀರಿ ಅಂತ ಹಿಂದಿನಿಂದ ನೋಡಕೋತ ಕುಂತಿದ್ದೆ."

"ಮತ್ತ ಅವತ್ತ ಯಾಕ ಅನಲಿಲ್ಲ?"

"ನೀವಽ ಅಂತೀರಿ ಅಂತ ದಾರಿ ನೋಡಿದೆ. ಅವತ್ತ ನೋಡಿದೆ. ಮರುದಿನ ನೋಡಿದೆ. ಟೆಂಪೋದಾಗ ಸಾಮಾನ ಹೇರೂತನಕಾ ನೋಡಿದೆ."

ಸಪ್ನಾ ಬಟನ್ ಒತ್ತಿ ಮಷೀನು ನಿಲ್ಲಿಸಿದಳು.

"ಅವರು ಸಾಯೂ ಮುಂದ ಏನಂದ್ರು ಗೊತ್ತೇನ್ರಿ? 'ನಿನ್ನ ಕೈ ಒಂದು ನೆಟ್ಟಗಿದ್ದಿದ್ರ ನಾ ನಮ್ಮಣ್ಣನ ಬಾಜು ಸಾಯತಿದ್ದೆ' ಅಂದ್ರು. ಹೂಂ ಅಂದೆ. ಸಾಯಾವರ ಜೋಡಿ ಏನ ವಾದ ಮಾಡೂದು? ಭಾವನೋರು ಬಂದ್ರು, ಓಣಿ ತುದೀಗೆ ನಿಂತು, ಮಣ್ಣಿಗೂ ಬರದಽ ತಿರುಗಿ ಹ್ವಾದ್ರು. ಅದನ್ನೂ ನೋಡಿದೆ."

"ಬಸವ್ವಾ—"

"ನನಗ ಗೊತ್ತಿದ್ದದ್ದನ್ನ ನನಗಽ ಹೇಳಾಕ ಇಷ್ಟ ದೂರ ಬಂದ್ರಿ." ಅವಳ ಧ್ವನಿ ಏರಲಿಲ್ಲ. ಬೆಲ್ಟಿನ ಪಟ್ಟಿಯನ್ನು ತಾನೇ ಬಿಚ್ಚಿ, ವಯರು ಸುತ್ತಿ, ಹೊಸದರಂತೆ ಪೆಟ್ಟಿಗೆಯಲ್ಲಿ ಮಡಿಚಿಟ್ಟಳು. "ಇದನ್ನ ಇಟ್ಕೊಂಡ್ರ ಮಾತು ಇಲ್ಲಿಗೇ ಮುಗದಂಗ ಆಗತೈತಿ. ಎಲ್ಲಿ ಅಂದಿದ್ರೋ ಅಲ್ಲೇ ಹೋಗಿ ಅನ್ರಿ. ಸಪ್ನಾ, ಉಂಡು ಹೋಗ್ರಿ. ಅನ್ನಕ್ಕ ಇಟ್ಟಾಳ ಸೊಸಿ."

ಉಂಡರು. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಯಾರೂ ಕೇಳಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ದೇಸೂರು ದಾಟಿದ ಮೇಲೆ ಸಪ್ನಾ ಒಂದೇ ಮಾತು ಕೇಳಿದಳು. "ಹೇಳತೀರೇನ್ರಿ ಅತ್ತಿ?"

"ಗೊತ್ತಿಲ್ಲ," ಎಂದಳು ನಿಂಗವ್ವ. ಅದು ಖರೆಯೇ ಆಗಿತ್ತು.

ಪೆಟ್ಟಿಗೆ ಮರಳಿ ಬಂದದ್ದನ್ನು ನೋಡಿ ಗೌರೀಶ, "ಬ್ಯಾಡ ಅಂದ್ರ? ನೋಡ, ಎಷ್ಟ ಸೊಕ್ಕು," ಎಂದ. ಸಪ್ನಾ ಕೈಯಲ್ಲಿದ್ದ ಬೋಗುಣಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಏನಾತ ನಿನಗ?" ಎಂದರೆ, "ಏನಿಲ್ಲ, ಜಾರಿತು," ಎಂದಳು. ನಾಲ್ಕು ದಿನ ನಿಂಗವ್ವ ಹೊತ್ತುಹೊತ್ತಿಗೆ ಅಡಿಗೆ ಮಾಡಿದಳು, ದಿಂಬು ಹಚ್ಚಿಕೊಂಡಳು, ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಕೃಷ್ಣಾಜಿ ನೂಲು ತಂದ. ಗೌರೀಶನಿಗೆ ಎರಡನೇ ಪಾಳಿ, ಮನೆಯಲ್ಲಿದ್ದ. ಬಾಳಪ್ಪ ಮಗ್ಗ ನಿಲ್ಲಿಸಿ ಬಂದು ಕುಳಿತ. ನಿಂಗವ್ವ ಚಹಾದ ಕಪ್ಪುಗಳನ್ನು ಇಟ್ಟಳು, ಒಳಗೆ ಹೋಗಲಿಲ್ಲ. ಮಗ್ಗದ ಕಂಬ ಹಿಡಿದು ನಿಂತಳು. ಏಳು ವರ್ಷದ ಹಿಂದೆ ನಿಂತ ಜಾಗವೇ ಅದು.

"ಕೃಷ್ಣಾಜಿಯವರ, ಹಿಂದ ಒಂದು ಹಾಸು ಕೆಟ್ಟಿತ್ತಲ್ರಿ. ಆರು ಸೀರಿ ತಿರುಗಿ ಬಂದಿದ್ದೂ. ಯಾರ ಕೈ ಅಂತ ಕೇಳಿದ್ರಿ. ಅಕೀದು ಅಂದಿದ್ದೆ. ಅಕೀದಲ್ಲ. ನಂದು. ಕಣ್ಣು ಬಿಟ್ಟಾಕಿ ನಾನು, ಉಳದ ಎಳಿ ಹರದಾಕೀನೂ ನಾನು. ಗೊತ್ತಿದ್ದಽ ಸುಳ್ಳು ಹೇಳಿದೆ."

ಕೃಷ್ಣಾಜಿ ಕಪ್ಪು ತುಟಿಗೆ ಹಿಡಿದೇ ಹುಬ್ಬು ಗಂಟಿಕ್ಕಿದ. ಗಂಡ ಮಗ ಇಬ್ಬರ ಮುಖವನ್ನೂ ನೋಡಿದ.

"ಯಾವ ಹಾಸು ವೈನಿ?" ಎಂದ ತನ್ನ ಮರಾಠಿ ಬೆರೆತ ಮಾತಿನಲ್ಲಿ.

"ಗೋಪುರದಂಚಿಂದು. ಹಸರ ಮೈಯಾಂವು."

"ಹಸರ..." ಅವನು ತಲೆ ಕೆರೆದ. "ಅಹೋ ವೈನಿ, ವರ್ಷಕ್ಕ ಎಷ್ಟೋ ಹಾಸು ನನ್ನ ಕೈಯಾಗ ಹಾದು ಹೋಗತಾವ. ಕೆಡೂದು ಇದ್ದಽ ಐತಿ. ಖರೇ ಹೇಳತೇನಿ, ನನಗ ನೆನಪಽ ಇಲ್ಲ ಬಗಾ. ಹೋಗ್ಲಿ ಬಿಡ್ರಿ ಅದನ್ನ." ಚಹಾ ಮುಗಿಸಿ, ನೂಲಿನ ತೂಕ ಬರೆದುಕೊಟ್ಟು, ಚಪ್ಪಲಿ ಮೆಟ್ಟಿ ಹೋದ.

ಅವನ ಗಾಡಿಯ ಸದ್ದು ಓಣಿ ದಾಟಿತು.

"ಯವ್ವಾ," ಎಂದ ಗೌರೀಶ. "ಟೆಂಪೋ ಹೊಂಟಾಗ ನಾ ಚಿಗವ್ವಗ ಏನಂದೆ ಗೊತ್ತೇನ ನಿನಗ? 'ಈ ಹೊಸ್ತಲಾ ಮತ್ತ ತುಳದ್ರ ನೋಡ' ಅಂದೆ. ನೀ ಬಾಗಲದಾಗ ನಿಂತು ಕೇಳಾಕತ್ತಿದ್ದಿ."

"ಹೂಂ."

"ಹೂಂ ಅಂತಿ!" ಅವನು ಅಂಗಿ ಸಿಕ್ಕಿಸಿಕೊಂಡು, ಪಾಳಿಗೆ ಮೂರು ತಾಸು ಇರುವಾಗಲೇ ಮನೆಯಿಂದ ಹೊರಬಿದ್ದ.

ಬಾಳಪ್ಪ ಮಗ್ಗದ ಹತ್ತಿರ ಹೋಗಿ ಕುಳಿತ, ಹಚ್ಚಲಿಲ್ಲ. ಬಾಜೂ ಮನೆಯಿಂದ ಯಾರೋ ಇಣುಕಿ, "ಕರಂಟ ಹೋಗೈತೇನ್ರಿ ನಿಮ್ಮಲ್ಲೆ?" ಎಂದು ಕೇಳಿ ಹೋದರು. ಹನ್ನೆರಡಾಯಿತು, ಒಂದಾಯಿತು. ರೊಟ್ಟಿ ಆರಿದವು. ಸಪ್ನಾ ಎರಡು ಸಲ ಕರೆದಳು, ಅವನು ಏಳಲಿಲ್ಲ.

ಎರಡಕ್ಕೆ ಸಪ್ನಾ ಅಮರನ ನಂಬರು ಹಚ್ಚಿ, "ಸಣ್ಣತ್ತಿಗೆ ಕೊಡು," ಎಂದು ಹೇಳಿ ಫೋನನ್ನು ಅತ್ತೆಯ ಕೈಗಿಟ್ಟಳು.

"ಹೇಳಿದೆ," ಎಂದಳು ನಿಂಗವ್ವ.

"ಯಾರ ಮುಂದ?"

"ಎಲ್ಲಾರ ಮುಂದ. ಕೃಷ್ಣಾಜಿ ಮುಂದ."

"ಏನಂದ್ರು ಅವರು?"

"ಯಾವ ಹಾಸು ಅಂತ ಕೇಳಿದ್ರು. ನೆನಪಿಲ್ಲಂತ."

ಆ ಕಡೆ ಅಂಗಡಿಯಲ್ಲಿ ಯಾರೋ ಪೈಪು ಕೊಯ್ಯುತ್ತಿರುವುದು ಮಾತ್ರ ಕೇಳುತ್ತಿತ್ತು.

"ನೆನಪಿಲ್ಲಂತ?"

"ಇಲ್ಲಂತ."

ಬಸವಣ್ಣೆವ್ವನ ಗಂಟಲಿನಿಂದ ಏನೋ ಬಂತು. ನಗುವೋ ಅಳುವೋ ನಿಂಗವ್ವನಿಗೆ ತಿಳಿಯಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡ ಅಡಿಗೆಮನೆಯಲ್ಲಾದರೆ ಒಂದು ಉಸಿರಿಗೇ ತಿಳಿಯುತ್ತಿತ್ತು.

"ಭಾವನೋರು?"

"ಉಂಡಿಲ್ಲ."

"ಉಣಸು ಮೊದಲ," ಎಂದಳು ಬಸವಣ್ಣೆವ್ವ. ಫೋನು ಕಟ್ ಆಯಿತು.

ನಿಂಗವ್ವ ತಾಟಿಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಗಡ್ಡೆ ಉಳ್ಳಾಗಡ್ಡಿ ಹಾಕಿಕೊಂಡು ಮುಂದಿನ ಖೋಲಿಗೆ ಹೋದಳು. ಮಗ್ಗದ ಹಲಗೆಯ ಮೇಲೆ ಕುಳಿತಿದ್ದ ಬಾಳಪ್ಪ ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗಲಿಲ್ಲ.

"ತಮ್ಮನ್ನ ಎಲ್ಲಿ ಮಣ್ಣು ಮಾಡ್ಯಾರ?" ಎಂದು ಕೇಳಿದ.

"ನನಗ ಗೊತ್ತಿಲ್ರಿ. ಹೆಂಗಸರನ್ನ ಮನ್ಯಾಗ ಕುಂದರಿಸಿದ್ರು. ಅಕಿಗೆ ಗೊತ್ತಿರತೈತಿ."

ಅವನು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ.

"ಕೇಳು. ನಾ ಬರಾಂವ ಅದೇನಿ ಅಂತ ಹೇಳು. ತೋರಸ್ತಾಳೇನ ಕೇಳು."

ನಿಂಗವ್ವ ನಡುಮನೆಗೆ ಬಂದಳು. ಸಪ್ನಾ ಆಗಲೇ ನಂಬರು ಹಚ್ಚಿ ಫೋನು ಚಾಚಿದ್ದಳು. ನಿಂಗವ್ವ ಅದನ್ನು ಎರಡೂ ಕೈಯಲ್ಲಿ ಕಿವಿಗೆ ಹಿಡಿದುಕೊಂಡಳು. ಖಾನಾಪುರದಲ್ಲಿ ಫೋನಿನ ಗಂಟೆ ಬಡಿಯುತ್ತಲೇ ಇತ್ತು.